ಯಲಬುರ್ಗಾದ ತೋಳಕ್ಕೊಂದು ಕೊಂಬೆ

ಮುಂಜಾನೆ ಬರಿಹೊಟ್ಟೆಯಲ್ಲಿ, ಅದೂ ಪಂಪಮ್ಮನಂಥ ಮಡಿವಂತ ಹೆಣ್ಣುಮಗಳ ಎದುರಿಗೆ, ‘ಹೇಲು’ ಎಂಬ ಶಬ್ದ ಬಳಸುವುದು ಸರಿಯಲ್ಲ ಎಂದು ಯಂಕೇಶನಿಗೆ ಅನಿಸಿತು. ಮುಂದೆ ಅವನು ಪಟ್ಟ ಪಾಡಿಗೆಲ್ಲ ಈ ಸಭ್ಯತೆಯೇ ಕಾರಣ.

ಪಂಪಮ್ಮ ಅವನ ಮನೆ ಮಾಲಕಿ. ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದವಳು, ಆಯಿತವಾರ ದಿನ ಬಾಡಿಗೆದಾರ ಇಷ್ಟು ಬೇಗ ಎದ್ದು ಚೀಲ ಹೆಗಲಿಗೆ ಹಾಕಿಕೊಂಡದ್ದು ನೋಡಿ ಚೊಂಬು ಎತ್ತಿ ಹಿಡಿದು ಕೇಳಿದಳು.

“ಎಲ್ಲಿಗೆ ಹೊಂಟೀರಿ ಸರ್?”

“ಮಂಗಳೂರಿಗ್ರಿ.”

“ಮಂಗಳೂರಾಗ ಏನೈತ್ರಿ?”

ಇದ್ದದ್ದು ತೋಳದ ಹೇಲು. ಯಂಕೇಶ ಒಂದು ಕ್ಷಣ ತಡೆದು, “ಡಿ.ಎನ್.ಎ. ಪರೀಕ್ಷೆದ್ದು ಒಂದೀಟು ಕೆಲಸ ಐತ್ರಿ” ಎಂದ.

ಎತ್ತಿದ ಚೊಂಬು ಎತ್ತಿದಂತೆಯೇ ನಿಂತಿತು. ಪಂಪಮ್ಮ ದಿನಾ ಸಂಜೆ ಮೂರು ಧಾರಾವಾಹಿ ನೋಡುವವಳು. ಆ ಹಂಗಾಮಿನಲ್ಲಿ ಮೂರರಲ್ಲೂ ಡಿ.ಎನ್.ಎ. ಪರೀಕ್ಷೆ ನಡೆದಿತ್ತು. ಮೂರರಲ್ಲೂ ಮಗು ಬೇರೆಯವರದ್ದೆಂದು ಬಂದಿತ್ತು.

“ಯಾರದ್ರಿ?” ಎಂದು ದನಿ ತಗ್ಗಿಸಿ ಕೇಳಿದಳು.

“ಅದನ್ನ ಈಗ ಹೇಳಾಕ ಬರೂದಿಲ್ರಿ. ಬೆಂಗಳೂರಿಗೆ ಕಳಿಸಿದ ಮ್ಯಾಲೆ ಗೊತ್ತಾಕ್ಕೈತಿ.”

ಯಾವ ಪ್ರಾಣಿಯದು ಎಂಬ ಅರ್ಥದಲ್ಲಿ ಅವನು ಹೇಳಿದ್ದ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಪಂಪಮ್ಮ ಮೊಬೈಲು ಕಿವಿಗೆ ಹಚ್ಚಿಕೊಂಡಿದ್ದಳು. ಅವಳ ಅಕ್ಕನನ್ನು ಕೊಟ್ಟದ್ದು ಮಂಗಳೂರಿಗೆ.

ಯಂಕೇಶ ಯಲಬುರ್ಗಾದ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿಯಾಗಿ ಆರನೆಯ ವರ್ಷ. ಅಷ್ಟು ದಿನ ಉಳಿದ ಅತಿಥಿಯನ್ನು ಯಾರೂ ಅತಿಥಿಯಂತೆ ನೋಡುವುದಿಲ್ಲ, ಮನೆಯವನಂತೆಯೂ ನೋಡುವುದಿಲ್ಲ. ಸಂಶೋಧನಾ ಪತ್ರಿಕೆಯಲ್ಲಿ ಹೆಸರು ಅಚ್ಚಾದರೆ ಕಾಯಂ ಮಾಡುವ ವಿಚಾರ ನೋಡೋಣ ಎಂದು ಕಾಲೇಜಿನ ಕಾರ್ಯದರ್ಶಿಗಳು ಹೇಳಿದ್ದರು. ಅಚ್ಚಾಗುವುದಕ್ಕೆ ಯಂಕೇಶನ ಹತ್ತಿರ ಇದ್ದದ್ದು ಮೀನಿನ ಕರುಳಿನ ಹುಳುಗಳ ಬಗ್ಗೆ ಎಂ.ಎಸ್ಸಿ.ಯಲ್ಲಿ ಬರೆದ ಒಂದು ಪ್ರಬಂಧ ಮಾತ್ರ. ಅದನ್ನು ಅವನ ತಂದೆಯೂ ಪೂರ್ತಿ ಓದಿರಲಿಲ್ಲ.

ಆಗ ಹೇಮಾ ಫೋನು ಮಾಡಿದ್ದಳು. ವಿಶ್ವವಿದ್ಯಾಲಯದಲ್ಲಿ ಅವನಿಗಿಂತ ಎರಡು ವರ್ಷ ಮುಂದಿದ್ದವಳು, ಈಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿ. ತೋಳ, ನಾಯಿ, ನರಿ ಇವುಗಳ ವಂಶವೃಕ್ಷವನ್ನು ಡಿ.ಎನ್.ಎ. ನೋಡಿ ಬರೆಯುತ್ತಿದ್ದಳು. ಯಾವ ತೋಳ ಯಾವುದಕ್ಕೆ ಹತ್ತಿರ, ಯಾರು ಯಾವಾಗ ಕವಲೊಡೆದರು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಎಲ್ಲ ಕಡೆಯ ತೋಳಗಳೂ ತಮ್ಮ ತಮ್ಮ ಕೊಂಬೆಯ ಮೇಲೆ ಹೋಗಿ ಕುಳಿತಿದ್ದವು. ಯಲಬುರ್ಗಾ ಸೀಮೆಯದೊಂದು ಕೊಂಬೆ ಮಾತ್ರ ಖಾಲಿ ಇತ್ತು.

“ತೋಳ ಹಿಡಿಯೋದು ಬೇಡ ಯಂಕೇಶ್. ಅದರ ಹಿಕ್ಕೆ ಸಿಕ್ಕರೂ ಸಾಕು. ಕರುಳಿನ ಜೀವಕೋಶ ಅದರಲ್ಲಿ ಅಂಟಿಕೊಂಡಿರುತ್ತೆ. ಪೇಪರಿನಲ್ಲಿ ನಿಮ್ಮ ಹೆಸರು ಹಾಕ್ತೀನಿ” ಎಂದಿದ್ದಳು.

ಸ್ಪಿರಿಟ್ ತುಂಬಿದ ಪುಟ್ಟ ಸೀಸೆಗಳನ್ನು ಕೊರಿಯರಿನಲ್ಲಿ ಕಳಿಸಿದಳು. ಡಬ್ಬದ ಮೇಲೆ ‘ಮಂಗಳೂರು ಮಾದರಿ’ ಎಂದು ದೊಡ್ಡದಾಗಿ ಬರೆದಿದ್ದರಿಂದ ಅವು ಮೊದಲು ಸಮುದ್ರದಂಡೆಯ ಮಂಗಳೂರಿಗೆ ಹೋಗಿ, ಅಲ್ಲಿ ಹತ್ತು ದಿನ ಇದ್ದು, ಆಮೇಲೆ ಯಲಬುರ್ಗಾಕ್ಕೆ ಬಂದವು. ಯಲಬುರ್ಗಾ ಸೀಮೆಯ ನಮ್ಮ ಮಂಗಳೂರು ಬೇರೆ, ಅಲ್ಲಿ ಸಮುದ್ರವಿಲ್ಲ. ಎರೆಹೊಲ, ಕಲ್ಲುಗುಡ್ಡ, ಕುರಿ ಇವೆ. ಅಲ್ಲಿನ ಕನಕಪ್ಪನ ಮಗಳು ದೀಪಿಕಾ ಯಂಕೇಶನ ವಿದ್ಯಾರ್ಥಿನಿ. “ನಮ್ಮ ಕುರಿ ದಡ್ಡಿಗೆ ತ್ವಾಳ ಬರತೈತ್ರಿ ಸರ್, ಎರಡು ಮರಿ ಒಯ್ದೈತಿ” ಎಂದು ಅವಳೇ ಹೇಳಿದ್ದು. ಆದರೆ ಆ ಆಯಿತವಾರ ಅವಳು ಅತ್ತೆಯ ಮನೆಗೆಂದು ನವಲಿಗೆ ಹೋಗಿದ್ದಳು.

ಬಸ್ಸು ದಾರಿಯ ಪ್ರತಿಯೊಂದು ಗಿಡಕ್ಕೂ ನಿಲ್ಲುತ್ತ ಹೋಯಿತು. ಪಂಪಮ್ಮನ ಫೋನು ಎಲ್ಲೂ ನಿಂತಿರಲಿಲ್ಲ.

ಯಂಕೇಶ ಇಳಿದಾಗ ನಿಲ್ದಾಣದಲ್ಲಿ ಜನ ನೆರೆದಿದ್ದರು. ಯಾರೋ ರಾಜಕಾರಣಿ ಬರುವವರಿದ್ದಾರೆ ಎಂದುಕೊಂಡು ಅವನು ಪಕ್ಕಕ್ಕೆ ಸರಿದು ನಿಂತ. ಬಸ್ಸು ಹೋಯಿತು. ಬೇರೆ ಯಾರೂ ಇಳಿದಿರಲಿಲ್ಲ. ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು ಮುಂದೆ ಬಂದು ಕೈ ಮುಗಿದರು.

“ಡಿ.ಎನ್.ಎ. ಸರ್ ಅಂದ್ರ ನೀವೇನ್ರಿ?”

“ಹೌದ್ರಿ... ಅಂದ್ರ...”

“ನಮ್ಮೂರಾಗ ಅಂಥಾದ್ದು ಏನೂ ಇಲ್ರಿ. ಇದ್ದದ್ದೆಲ್ಲಾ ಹಿರೇರು ಕುಂತು ಬಗಿಹರಿಸ್ಯಾರ. ಮುಗದದ್ದನ್ನ ಮತ್ತ ಕೆದರಬ್ಯಾಡ್ರಿ.”

ಹಿಂದೆ ನಿಂತ ನಾಲ್ಕಾರು ಗಂಡಸರು ಹೊಲದ ಕೆಲಸ ನೆನಪಾದವರಂತೆ ಮೆಲ್ಲಗೆ ಜಾರಿಕೊಂಡರು. ಯಾರು ಯಾರು ಹೋದರೆಂದು ಉಳಿದವರು ಸರಿಯಾಗಿ ಗಮನಿಸಿಕೊಂಡರು.

“ನಾನು ಕನಕಪ್ಪನವರ ಕಡೆ ಬಂದೇನ್ರಿ” ಎಂದ ಯಂಕೇಶ. ಒಳ್ಳೆಯದಾಗಲಿ ಎಂದೇ ಹೇಳಿದ್ದು.

ಎಲ್ಲರ ಮುಖವೂ ಕನಕಪ್ಪನ ಕಡೆ ತಿರುಗಿತು. ಕನಕಪ್ಪ ಅಲ್ಲೇ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ. ಹಿಂದಿನ ಸಂಜೆ ಫೋನಿನಲ್ಲಿ “ಬರ್ರಿ ಸರ್, ನಾನ ಕರಕೊಂಡು ಹೊಕ್ಕೇನಿ” ಎಂದವನು ಈಗ ಆಕಾಶ ನೋಡುತ್ತ, “ಈ ಮನಶ್ಯಾನ್ನ ನಾನು ನೋಡೇ ಇಲ್ಲ” ಎಂದ.

ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಕನಕಪ್ಪನ ತಾಯಿ ಮುದಕಮ್ಮ ಬಂದಳು. ಎಂಟು ಮಕ್ಕಳನ್ನು ಹೆತ್ತು, ಆರು ಸೊಸೆಯಂದಿರನ್ನು ಆಳಿದ ಮುದುಕಿ. ಬಂದವಳೇ ಮಗನ ಗದ್ದ ಹಿಡಿದು ಯಂಕೇಶನ ಕಡೆ ತಿರುಗಿಸಿದಳು.

“ನೋಡೋ ತಮ್ಮಾ, ಈ ಮೂಗು ನೋಡು. ಇದು ಇವರಪ್ಪನ ಮೂಗು. ಎಂಟೂ ಮಕ್ಕಳಿಗೆ ಇದ ಮೂಗು. ಹೆಣ್ಣಮಕ್ಕಳಿಗೆ ಬ್ಯಾಡಾಗಿತ್ತು, ಅವಕ್ಕೂ ಇದ. ಇದಕ್ಕಿಂತಾ ಏನು ಪರೀಕ್ಷಾ ಬೇಕು ನಿನಗ?”

ಮೂಗು ನಿಜಕ್ಕೂ ಪ್ರಶ್ನೆಗೆ ಅವಕಾಶ ಕೊಡುವಂಥದ್ದಾಗಿರಲಿಲ್ಲ. ಯಂಕೇಶ ಬೆವರು ಒರೆಸಿಕೊಂಡ. ಸಭ್ಯತೆಯ ಕಾಲ ಮುಗಿಯಿತೆಂದು ಅವನಿಗೆ ತಿಳಿಯಿತು.

“ಯವ್ವಾ, ನಾನು ಮನಶ್ಯಾರ ಪರೀಕ್ಷಾಕ್ಕ ಬಂದಿಲ್ರಿ. ನಾನು ತ್ವಾಳದ ಹೇಲು ಹುಡಕಾಕ ಬಂದೇನಿ!”

ಪಟಗದ ಹಿರಿಯರು ಅವನ ಇಸ್ತ್ರಿ ಅಂಗಿಯನ್ನೂ ಪಾಲಿಶ್ ಮಾಡಿದ ಬೂಟನ್ನೂ ನೋಡಿದರು. ಬಳಿಕ ಬೇಸರದಿಂದ, “ಸುಳ್ಳು ಹೇಳಿದ್ರೂ ನಂಬೂ ಹಂಗರ ಹೇಳಬೇಕ್ರಿ ಸರ್” ಎಂದರು.

ಯಂಕೇಶ ಚೀಲ ಬಿಚ್ಚಿ ತೋರಿಸಿದ. ಕೈಗವಸು, ಚಿಮಟ, ಸೀಸೆ. ಇವು ಅವನ ಮಾತಿಗೆ ಸಾಕ್ಷಿಯಾಗುವ ಬದಲು ಜನರ ಸಂಶಯವನ್ನೇ ಗಟ್ಟಿಮಾಡಿದವು. ಧಾರಾವಾಹಿಯಲ್ಲೂ ಇವೇ ಇದ್ದವು. ಕೊನೆಗೆ ಒಂದು ತೀರ್ಮಾನವಾಯಿತು. ಸರ್ ಹೇಳುವುದು ಖರೆಯಾಗಿದ್ದರೆ ಗುಡ್ಡಕ್ಕೆ ಹೋಗಿ ಎಲ್ಲರ ಎದುರಿಗೆ ಹುಡುಕಲಿ.

ಹಾಗೆ ಮಂಗಳೂರಿನ ಅರ್ಧ ಊರು ಒಬ್ಬ ಉಪನ್ಯಾಸಕನ ಹಿಂದೆ ಹೇಲು ಹುಡುಕಲು ಗುಡ್ಡದ ದಾರಿ ಹಿಡಿಯಿತು.

ಮೊದಲು ಸಂಶಯದಿಂದ ಬಂದವರು ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಹುರುಪಿಗೆ ಬಿದ್ದಿದ್ದರು. ಹುಡುಕುವ ಕೆಲಸ ಮನುಷ್ಯನಿಗೆ ಮೂಲತಃ ಇಷ್ಟ. ಏನನ್ನು ಎಂಬುದು ಆಮೇಲಿನ ಮಾತು. ಎಲ್ಲ ದಿಕ್ಕಿನಿಂದಲೂ ಕೂಗು ಎದ್ದಿತು. “ಸರ್, ಇಲ್ಲಿ ಬರ್ರಿ!” “ಸರ್, ಅದನ್ನ ಬಿಡ್ರಿ, ಇದು ಛಲೋ ಐತಿ!” ಒಬ್ಬ ಮೊಲದ್ದು ತೋರಿಸಿದ, ಇನ್ನೊಬ್ಬ ನವಿಲಿನದ್ದು. ಮೂರನೆಯವನು ಎಲೆಯಲ್ಲಿ ಕಟ್ಟಿ ತಂದೇಬಿಟ್ಟ. ಅದು ಕುರಿಯದೆಂದು ಹೇಳಿದಾಗ, “ತ್ವಾಳ ತಿನ್ನೂದೂ ಅದನ್ನ ಅಲ್ಲೇನ್ರಿ?” ಎಂದು ವಾದಿಸಿದ.

ಕೊನೆಗೆ ಕನಕಪ್ಪನ ಮನಸ್ಸು ಕರಗಿತು. ತನ್ನ ಮೂಗಿಗೆ ಅಪಾಯವಿಲ್ಲವೆಂದು ಖಾತ್ರಿಯಾದ ಮೇಲೆ ಅವನಿಗೆ ಗುರುತೂ ಹತ್ತಿತು. “ನೋಡ್ರಿ ಸರ್, ನಿನ್ನಿ ಹೇಳಿದ್ನಲ್ಲ” ಎನ್ನುತ್ತ ದಡ್ಡಿಯ ಹಿಂದಿನ ಬಂಡೆಯ ಹತ್ತಿರ ಕರೆದೊಯ್ದ. ಅಲ್ಲಿ ಒಂದು ಬಿದ್ದಿತ್ತು. ಹೊಸದು. ಉಣ್ಣೆ ಸುತ್ತಿಕೊಂಡು, ನಡುವೆ ಎಲುಬಿನ ಚೂರು ಬೆಳ್ಳಗೆ ಕಾಣುತ್ತಿತ್ತು. ಯಂಕೇಶನಿಗೆ ಬಂಗಾರ ಸಿಕ್ಕಷ್ಟು ಸಂತೋಷವಾಯಿತು. ಮಂಡಿಯೂರಿ ಕುಳಿತು, ಕೈಗವಸು ತೊಟ್ಟು, ಒಂದು ಚೂರನ್ನು ಚಿಮಟದಿಂದ ಎತ್ತಿ ಸೀಸೆಗೆ ಹಾಕಿ ಬಿರಡೆ ತಿರುವಿದ.

ಸುತ್ತ ನಿಂತವರು ಕತ್ತು ಚಾಚಿ ನೋಡುತ್ತಿದ್ದರು.

“ಎಷ್ಟು ಓದ್ಯಾರಂತ ಇವರು?” ಎಂದು ಯಾರೋ ಪಿಸುಗುಟ್ಟಿದರು.

“ಎಂ.ಎಸ್ಸಿ. ಅಂತ.”

“ಹಂಗಾರ ನಮ್ಮ ಹುಡುಗನ್ನ ಪಿ.ಯು.ಸಿ.ಗೆ ಬಿಡಿಸಿದ್ದು ಛಲೋನ ಆತು.”

ಬಿಸಿಲೇರಿತ್ತು. ಎಲ್ಲರೂ ದಡ್ಡಿಯ ಪಕ್ಕದ ಬೇವಿನ ನೆರಳಿಗೆ ಕುಳಿತರು. ಇನ್ನು ಇದರಿಂದ ಏನು ತಿಳಿಯುತ್ತದೆ ಎಂದು ಹೇಳದೆ ಹೋಗುವ ಹಾಗಿರಲಿಲ್ಲ. ಯಂಕೇಶನಿಗೆ ಆರು ವರ್ಷದಲ್ಲಿ ಇಷ್ಟು ಗಮನವಿಟ್ಟು ಕೇಳುವ ತರಗತಿ ಸಿಕ್ಕಿರಲಿಲ್ಲ.

“ನೋಡ್ರಿ, ಪ್ರತಿ ಪ್ರಾಣಿ ಮೈಯಾಗೂ ಒಂದು ಉದ್ದನ್ನ ಬರಹ ಇರತೈತಿ. ತಾಯಿ-ತಂದೀದನ್ನ ಮಕ್ಕಳು ನಕಲು ಮಾಡಿಕೋತಾವ. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪತೈತಿ. ಆ ತಪ್ಪು ಮುಂದಿನ ಮಕ್ಕಳಿಗೂ ಹೋಕ್ಕೈತಿ. ಎರಡು ಪ್ರಾಣಿಯೊಳಗ ಒಂದ ನಮೂನಿ ತಪ್ಪು ಇದ್ರ, ಅವು ಹತ್ತಿರದ ಸಂಬಂಧ, ಒಂದ ಗಿಡದ ಬಾಜೂ ಬಾಜೂ ಕೊಂಬಿ ಅಂತ ಲೆಕ್ಕ.”

ಯಾರಿಗೂ ತಿಳಿದಂತೆ ಕಾಣಲಿಲ್ಲ. ಮುದಕಮ್ಮ ಮಾತ್ರ ಎಲೆಯಡಿಕೆ ಅಗಿಯುವುದು ನಿಲ್ಲಿಸಿದಳು.

“ನಮ್ಮ ಸೋಬಾನ ಪದ ಇದ್ದಂಗ ಅನ್ನು. ‘ಮುತ್ತಿನ ಹಂದರ ಹಾಕ್ಯಾರ’ ಅಂತ ನಮ್ಮವ್ವ ಹಾಡಾಕಿ. ಕುಷ್ಟಗಿಯಿಂದ ಬಂದ ನಮ್ಮ ನೆಗೆಣ್ಣಿ ಅದನ್ನ ‘ಮುತ್ತಿನ ಹಂದಿ ಹಾಕ್ಯಾರ’ ಅಂತ ಹಾಡಿದ್ಲು. ಆಕಿ ಹೆಣ್ಣಮಕ್ಕಳನ್ನ ಯಾವ ಯಾವ ಊರಿಗೆ ಕೊಟ್ಟಾರ, ಆ ಎಲ್ಲಾ ಊರಾಗೂ ಇವತ್ತಿಗೂ ಮದುವಿಗೆ ಹಂದಿ ಬರತೈತಿ.”

“ಅದ ಯವ್ವಾ, ಅದ!” ಎಂದು ಯಂಕೇಶ ಎದ್ದೇ ನಿಂತ.

ಆಮೇಲೆ ಕಷ್ಟವಾಗಲಿಲ್ಲ. ಸಂಬಂಧದ ವಿಷಯ ಮಂಗಳೂರಿನವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾಯಿ ಮತ್ತು ತೋಳ ಒಂದೇ ಮನೆತನ, ನರಿ ದಾಯಾದಿ ಎಂದು ಒಪ್ಪಿಕೊಂಡರು.

“ನಾಯಿ, ತ್ವಾಳ ಪಾಲಾಗಿ ಎಷ್ಟು ವರ್ಷ ಆಗಿರಬೇಕ್ರಿ?” ಎಂದು ಪಟಗದ ಹಿರಿಯರು ಕೇಳಿದರು.

“ಹದಿನೈದು ಇಪ್ಪತ್ತು ಸಾವಿರ ವರ್ಷರ ಆಗೈತ್ರಿ.”

“ಇನ್ನೂ ಜಗಳ ಆಡತಾವು.” ಹಿರಿಯರು ತಲೆದೂಗಿದರು. “ಪಾಲಿನ ಜಗಳ ಹಂಗ. ಮುಗಿಯಂಗಿಲ್ಲ.”

ಯಂಕೇಶ ಇಲ್ಲಿಗೇ ಎದ್ದು ಬಸ್ಸು ಹಿಡಿದಿದ್ದರೆ ಆಗುತ್ತಿತ್ತು. ಆದರೆ ಆಗಲೇ ಗಾದಿ ಮಕ್ಬುಲಸಾಬ ಮಾತಾಡಿದ.

ಮಕ್ಬುಲಸಾಬನದು ನಿಲ್ದಾಣದ ಎದುರಿಗೆ ಹತ್ತಿಯ ಗಾದಿ ಹೊಲಿಯುವ ಅಂಗಡಿ. ಅವನ ಹತ್ತಿರ ನವಾಬ ಎಂಬ ಪ್ರಾಣಿ ಇತ್ತು. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಗುಡ್ಡದ ಕೊರಕಲಿನಲ್ಲಿ, ಇನ್ನೂ ಕಣ್ಣು ಬಿಡದ ಮರಿಯಾಗಿ ಸಿಕ್ಕಿತ್ತೆಂದೂ, ಅದು ತೋಳವೆಂದೂ ಮಕ್ಬುಲಸಾಬ ಅಂದಿನಿಂದ ಹೇಳುತ್ತ ಬಂದಿದ್ದ. ನಿಲ್ದಾಣದ ಕಂದು ಹೆಣ್ಣುನಾಯಿಯ ಮರಿ ಅದು ಎಂದು ಊರು ಅಂದಿನಿಂದ ಹೇಳುತ್ತ ಬಂದಿತ್ತು. ಚಹಾದ ಅಂಗಡಿಗೆ ಹೋದರೆ ಸಾಕು, “ಏನೋ ಮಕ್ಬುಲ, ನಿನ್ನ ತ್ವಾಳ ಇವತ್ತು ಬಜಿ ತಿಂತಿಲ್ಲೋ?” ಎಂದು ಕೇಳುವರು. ಅವನ ಮಾತಿಗೆ ಊರಲ್ಲಿ ಬೇರೆ ವಿಷಯಗಳಲ್ಲೂ ಬೆಲೆ ಇಲ್ಲದಂತಾಗಿತ್ತು.

“ಸರ್, ನಮ್ಮ ನವಾಬನ್ನ ಒಮ್ಮೆ ನೋಡ್ರಿ. ಅದೂ ಯಾವ ಕೊಂಬಿ ಅಂತ ಹೇಳಿಬಿಡ್ರಿ, ಸಾಕು” ಎಂದ ಮಕ್ಬುಲಸಾಬ.

ಊರೆಲ್ಲ ಕೆಳಗಿಳಿದು ಅಂಗಡಿಗೆ ಬಂತು. ನವಾಬ ಒಂದು ಡಬಲ್ ಗಾದಿಯ ಮೇಲೆ, ಹೊಸ ಅಳಿಯನಂತೆ ಕಾಲು ಚಾಚಿ ಮಲಗಿತ್ತು. ಯಂಕೇಶನನ್ನು ನೋಡಿ ಒಂದು ಕಣ್ಣು ತೆರೆಯಿತು, ಎದ್ದು ಬಂದು ಅವನ ಕೈ ನೆಕ್ಕಿತು, ಯಾರೋ ಎಸೆದ ಅರ್ಧ ಮಿರ್ಚಿ ಬಜಿಯನ್ನು ನೆಲಕ್ಕೆ ಬೀಳಗೊಡದೆ ಹಿಡಿದು ತಿಂದು ಮತ್ತೆ ಹೋಗಿ ಮಲಗಿತು.

ತೋಳವನ್ನು ಯಂಕೇಶ ನೋಡಿದ್ದು ಪಠ್ಯಪುಸ್ತಕದಲ್ಲಿ, ಕಪ್ಪು ಬಿಳುಪಿನಲ್ಲಿ. ಅಲ್ಲಿ ಅದು ಹಲ್ಲು ಕಿರಿದು ನಿಂತಿತ್ತು. ಬಜಿ ತಿನ್ನುತ್ತಿರಲಿಲ್ಲ.

“ನೂರಕ್ಕ ನೂರು ನಾಯಿ” ಎಂದುಬಿಟ್ಟ.

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಕ್ಬುಲಸಾಬನ ಹೆಂಡತಿ ಗೌಸಬೀ ಕೂಡ ಒಳಗಿನಿಂದ ನಕ್ಕದ್ದು ಕೇಳಿಸಿತು. ಮಕ್ಬುಲಸಾಬ ಸೂಜಿಗೆ ದಾರ ಪೋಣಿಸತೊಡಗಿದ. ದಾರ ಸೂಜಿಯೊಳಗೆ ಹೋಗಲಿಲ್ಲ. ಯಂಕೇಶನಿಗೆ ಪಾಪ ಎನಿಸಿತು. ಕರುಣೆಯೂ ಸಭ್ಯತೆಯಷ್ಟೇ ಅಪಾಯಕಾರಿ ಎಂಬುದು ಅವನಿಗಿನ್ನೂ ತಿಳಿದಿರಲಿಲ್ಲ.

“ಇರ್ರಿ, ಪರೀಕ್ಷಾನ ಮಾಡಿಸಿಬಿಡೂಣು” ಎಂದು ನವಾಬನ ಬೆನ್ನಿನಿಂದ ಬುಡಸಮೇತ ನಾಲ್ಕು ಕೂದಲು ಕಿತ್ತು ಎರಡನೆಯ ಸೀಸೆಗೆ ಹಾಕಿಕೊಂಡ. ನವಾಬ ಒಂದು ಸಲ ಗುರ್ ಎಂದು, ಆಮೇಲೆ ಹೋಗಲಿ ಎಂದು ಬಿಟ್ಟಿತು.

ಹೊರಡುವಾಗ ಎರಡೂ ಸೀಸೆಗಳನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಸಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಆದರೆ ಪಕ್ಕದಲ್ಲಿ ಕಾಲೇಜಿನ ಕಾರ್ಯದರ್ಶಿಗಳು ಕುಳಿತಿದ್ದರು. ಅವರ ಕಾರು ಕುಕನೂರಿನಲ್ಲಿ ಕೆಟ್ಟು ನಿಂತಿತ್ತು. ಬಸ್ಸು ಎರಡು ಸಲ ಜಿಗಿಯಿತು. ಒಂದು ಸೀಸೆಯ ಬಿರಡೆ ಸಡಿಲಾಗಿ ಸ್ಪಿರಿಟ್ ಅಂಗಿಗೆ ಇಳಿಯಿತು. ಕಾರ್ಯದರ್ಶಿಗಳು ಮೂಗರಳಿಸಿದರು.

“ಆಯಿತವಾರ ಛಲೋ ಕಳದ್ರೇನ ಮಾಸ್ತರ?”

“ಅಲ್ರಿ ಸರ್, ಇದು ಸ್ಯಾಂಪಲ್...”

“ಸ್ಯಾಂಪಲ್ ಕೊಡೂ ಹಂಗ ಆಗೇತೇನು ಈಗ? ತಗೀರಿ ನೋಡೂಣು.”

ಯಂಕೇಶ ತಡೆಯುವಷ್ಟರಲ್ಲಿ ಅವರು ಸೀಸೆ ಕಿತ್ತುಕೊಂಡು, ಬಿರಡೆ ತೆಗೆದು, ಮೂಗಿಗೆ ಹಿಡಿದು, ಅನುಭವಸ್ಥರ ಹಾಗೆ ಆಳವಾಗಿ ಎಳೆದರು. ಅದು ಕೂದಲಿನ ಸೀಸೆಯಾಗಿರಲಿಲ್ಲ.

ಯಲಬುರ್ಗಾ ಬರುವವರೆಗೆ ಅವರು ಕಿಟಕಿಯಾಚೆ ಮೂಗು ಚಾಚಿಕೊಂಡೇ ಇದ್ದರು. ಇಳಿಯುವಾಗ ತಿರುಗಿ, “ಇದು ಪೇಪರಿನಾಗ ಬರಲಿಲ್ಲಂದ್ರ ನೋಡ್ರಿ” ಎಂದರು.

ಮರುದಿನ ಸೀಸೆಗಳು ಬೆಂಗಳೂರಿಗೆ ಹೋದವು. ನಾಲ್ಕು ತಿಂಗಳು ಯಾವ ಸುದ್ದಿಯೂ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಹೇಮಾ ಫೋನು ಮಾಡಿದಳು.

“ಯಂಕೇಶ್, ಫಲಿತಾಂಶ ಬಂತು. ಗುಡ್ಡದ ಹಿಕ್ಕೆ ಇದೆಯಲ್ಲ, ಅದು ನಾಯೀದು. ಕುರಿ ತಿಂದಿರೋ ಸಾಕುನಾಯಿ. ಆದರೆ ಆ ಇನ್ನೊಂದು, ನವಾಬ ಅಂತ ಬರೆದಿದ್ದೀರಲ್ಲ, ಅದು ಅಪ್ಪಟ ತೋಳ!”

“ಸೀಸೆ ಅದಲುಬದಲಾಗಿರಬೇಕು ಮೇಡಂ.”

“ಹೇಗಾಗುತ್ತೆ? ಒಂದರಲ್ಲಿ ಕೂದಲಿದೆ, ಇನ್ನೊಂದರಲ್ಲಿ ಹಿಕ್ಕೆ ಇದೆ. ಕೇಳಿ, ಬರೀ ತೋಳ ಅಲ್ಲ, ನಮ್ಮ ಮರದಲ್ಲಿ ಇದುವರೆಗೂ ಇಲ್ಲದ ಕವಲು ಅದು. ಬಹಳ ಹಳೇದು. ಆದರೆ ಸಾಕಿದ ಪ್ರಾಣಿ ಎಲ್ಲಿ ಹುಟ್ಟಿದ್ದು ಅಂತ ನಾವು ಸಾಬೀತು ಮಾಡೋಕಾಗಲ್ಲ. ಅದನ್ನ ಪೇಪರಿಗೆ ಹಾಕೋ ಹಾಗಿಲ್ಲ. ಅದೇ ಗುಡ್ಡದಲ್ಲಿ ಕಾಡು ತೋಳದ್ದು ಸಿಗಬೇಕು. ಸರಿಯಾಗಿ ಅರಣ್ಯ ಇಲಾಖೆ ಅನುಮತಿ ಕೇಳ್ತೀನಿ, ನಾನೇ ಬರ್ತೀನಿ. ಹೆಸರು ನಮ್ಮಿಬ್ಬರದೂ!”

ಯಂಕೇಶ ಕುರ್ಚಿಯಿಂದ ಜಿಗಿದ. “ಮಂಗಳೂರಿನ ಮಕ್ಬುಲಸಾಬರ ನಾಯಿ ತ್ವಾಳಂತ! ಅಪ್ಪಟ ತ್ವಾಳಂತ! ಕನಕಪ್ಪನ ದಡ್ಡಿಗೆ ಬರೂದು ನಾಯಿಯಂತ!” ಎಂದು ಇಡೀ ಸ್ಟಾಫ್ ರೂಮಿಗೆ ಕೇಳುವಂತೆ ಕೂಗಿದ.

ಬೆಳಿಗ್ಗೆ ಅವನ ಬಾಯಿಂದ ಹೊರಟ ಕೂಗು ಮಧ್ಯಾಹ್ನ ಪಂಪಮ್ಮನನ್ನು ಮುಟ್ಟಿ, ಸಂಜೆಗೆ ಮಂಗಳೂರಿನಲ್ಲಿ ಅರಣ್ಯ ಇಲಾಖೆಯ ಜೀಪಾಗಿ ನಿಂತಿತ್ತು. ತೋಳ ಸಾಕುವುದು ಕಾನೂನಿನ ಪ್ರಕಾರ ಅಪರಾಧ. ಸುದ್ದಿ ತಿಳಿದು ಯಂಕೇಶ ಸಿಕ್ಕ ಟಂಟಂ ಆಟೋ ಹತ್ತಿ ಓಡಿಬಂದಾಗ ಗಾದಿ ಅಂಗಡಿಯ ಮುಂದೆ ಮತ್ತೆ ಅದೇ ಜನ ಸೇರಿದ್ದರು. ನಡುವೆ ಅರಣ್ಯಾಧಿಕಾರಿ ಕುರ್ಚಿಯ ಮೇಲೆ ಕುಳಿತಿದ್ದರು. ನವಾಬ ಗಾದಿಯ ಮೇಲೆ ಮಲಗಿತ್ತು.

ಮೂರು ವರ್ಷ ಹಗಲೂ ಇರುಳೂ ತೋಳ ತೋಳ ಎಂದು ಆಣೆ ಮಾಡಿದ್ದ ಮಕ್ಬುಲಸಾಬ ಕೈ ಮುಗಿದುಕೊಂಡು ನಿಂತಿದ್ದ.

“ನಾಯಿ ಸಾಹೇಬ್ರ. ಬಡ ನಾಯಿ. ನಾನು ಸುಮ್ನ ಚ್ಯಾಷ್ಟಿಗೆ ತ್ವಾಳ ಅಂತಿದ್ದೆ.”

“ನಾಯಿನ್ರಿ ಸಾಹೇಬ್ರ” ಎಂದರು ಪಟಗದ ಹಿರಿಯರು. “ನಾವೆಲ್ಲಾ ಮೊದಲಿನಿಂದ ಅದನ್ನ ಹೇಳಾಕತ್ತೇವಿ. ಇದರ ಅವ್ವನ್ನ ನಾನು ಬಲ್ಲೆ.”

“ತ್ವಾಳ ಆಗಿದ್ರ ನನ್ನ ಕೋಳಿ ಬಿಡತಿತ್ತೇನ್ರಿ?” ಎಂದಳು ಗೌಸಬೀ. ಅವಳ ಮನೆಯಲ್ಲಿ ಎರಡು ವರ್ಷದಿಂದ ಕೋಳಿ ಇರಲಿಲ್ಲ. ಆ ಮಾತು ಯಾರೂ ಎತ್ತಲಿಲ್ಲ.

ಕನಕಪ್ಪ ಯಂಕೇಶನನ್ನು ಕೆಕ್ಕರಿಸಿ ನೋಡಿದ. “ನನ್ನ ದಡ್ಡಿಗೆ ತ್ವಾಳ ಬಂದೇ ಇಲ್ಲಂತ್ರಿ ಸಾಹೇಬ್ರ. ನನ್ನ ನಾಯಿನ ನನ್ನ ಮರಿ ತಿಂದೈತಂತ. ಈ ಸರ್ ಅವರ ಹೇಳ್ಯಾರ.”

ಅಧಿಕಾರಿ ಯಂಕೇಶನ ಕಡೆ ತಿರುಗಿದರು. “ನೀವ ಏನ್ರಿ ಪ್ರಾಣಿಶಾಸ್ತ್ರಜ್ಞರು? ನೀವ ಹೇಳಿಬಿಡ್ರಿ. ಇದು ನಾಯಿನೋ, ತ್ವಾಳೋ?”

ಪ್ರಾಣಿಶಾಸ್ತ್ರಜ್ಞ ಎಂದು ಅವನನ್ನು ಯಾರಾದರೂ ಕರೆದದ್ದು ಇದೇ ಮೊದಲು. ಅದನ್ನು ಸವಿಯಲು ಪುರಸೊತ್ತಿರಲಿಲ್ಲ. ತೋಳ ಎಂದರೆ ಮಕ್ಬುಲಸಾಬನ ಮೇಲೆ ಕೇಸು. ನವಾಬನಿಗೆ ಪಂಜರ, ಅದೂ ಗಾದಿಯಿಲ್ಲದ ಪಂಜರ. ಅಲ್ಲದೆ ಕೇಳದೆ ಹೇಳದೆ ತೋಳದ ಕೂದಲು ಕಿತ್ತವರು ಯಾರು ಎಂಬ ಪ್ರಶ್ನೆಯೂ ಬರುತ್ತದೆ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮುದಕಮ್ಮ ಕಣ್ಣಲ್ಲೇ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ನವಾಬ ಎದ್ದು ಬಂದು ಹಳೆಯ ಪರಿಚಯದಿಂದ ಅವನ ಕೈ ನೆಕ್ಕಿತು.

“ನಾಯಿ” ಎಂದ ಯಂಕೇಶ.

ಅಧಿಕಾರಿ ಬರೆದುಕೊಂಡರು. ಸಹಿ ಮಾಡಿಸಿಕೊಂಡರು. ಊರು ಉಸಿರು ಬಿಟ್ಟಿತು. ಗೌಸಬೀ ಚಹಾಕ್ಕೆ ಇಟ್ಟಳು.

ಹೊತ್ತು ಮುಳುಗುತ್ತಿತ್ತು. ನವಾಬ ಅಂಗಡಿಯ ಕಟ್ಟೆಯ ಮೇಲೆ ಬಂದು ನಿಂತು, ಗುಡ್ಡದ ಕಡೆ ಮುಖ ಮಾಡಿ, ಕತ್ತು ಮೇಲೆತ್ತಿ, ಉದ್ದಕ್ಕೆ ಊಳಿಟ್ಟಿತು. ಚಹಾದ ಕಪ್ಪುಗಳೆಲ್ಲ ನಿಂತಲ್ಲೇ ನಿಂತವು. ಆ ದನಿ ಎರೆಹೊಲ ದಾಟಿ ಹೋಯಿತು. ಒಂದು ಗಳಿಗೆಯ ಮೇಲೆ ಗುಡ್ಡದಿಂದ ಉತ್ತರ ಬಂತು. ಒಂದಲ್ಲ, ಮೂರೋ ನಾಲ್ಕೋ.

ಅಧಿಕಾರಿ ಕಪ್ಪು ಕೆಳಗಿಟ್ಟರು. “ಇದು?”

“ಅದಕ್ಕ ನೆಗಡಿ ಆಗೈತ್ರಿ” ಎಂದ ಮಕ್ಬುಲಸಾಬ.

“ಅಲ್ಲಿ ಗುಡ್ಡದಾಗ ಕೂಗಿದ್ದು?”

“ಅವೂ ನಾಯಿನ್ರಿ” ಎಂದಿತು ಊರು, ಒಂದೇ ದನಿಯಲ್ಲಿ. ಕನಕಪ್ಪನೂ ಸೇರಿಕೊಂಡ.

ಅಧಿಕಾರಿ ಯಂಕೇಶನನ್ನೇ ನೋಡಿದರು. ಗುಡ್ಡದಲ್ಲಿ ತೋಳ ಇವೆ ಎಂದರೆ ಗಾದಿಯ ಮೇಲಿನದೂ ತೋಳವಾಗುತ್ತದೆ. ಯಂಕೇಶನೂ “ಅವೂ ನಾಯಿನ್ರಿ” ಎಂದ. ಅಧಿಕಾರಿ ಅದನ್ನೂ ಬರೆದುಕೊಂಡು, ಕೆಳಗೆ ಇನ್ನೊಂದು ಸಹಿ ಹಾಕಿಸಿಕೊಂಡು ಜೀಪು ಹತ್ತಿದರು. ಆ ಸಂಜೆ ಮಂಗಳೂರಿನಲ್ಲಿ ಯಂಕೇಶನಿಗೆ ಸಿಕ್ಕಷ್ಟು ಮರ್ಯಾದೆ ಹೊಸ ಅಳಿಯಂದಿರಿಗೂ ಸಿಕ್ಕಿರಲಿಲ್ಲ. ಮುದಕಮ್ಮ ತನ್ನ ಕೈಯಿಂದಲೇ ರೊಟ್ಟಿ ಬಡಿದು ಉಣ್ಣಿಸಿ ಕಳಿಸಿದಳು.

ತಿಂಗಳೊಪ್ಪತ್ತಿನ ಮೇಲೆ ಹೇಮಾ ಫೋನು ಮಾಡಿದಳು. ದನಿ ಕುಸಿದಿತ್ತು.

“ಯಂಕೇಶ್, ಅನುಮತಿ ಸಿಗಲಿಲ್ಲ. ಆ ಭಾಗದಲ್ಲಿ ತೋಳಗಳೇ ಇಲ್ಲವಂತೆ. ಸ್ಥಳೀಯ ಪ್ರಾಣಿಶಾಸ್ತ್ರಜ್ಞರೊಬ್ಬರು ಖುದ್ದಾಗಿ ಕೇಳಿ, ನೋಡಿ, ಎರಡು ಕಡೆ ಸಹಿ ಮಾಡಿದ್ದಾರಂತೆ. ಯಲಬುರ್ಗಾದ ಕೊಂಬೆ ಬಿಟ್ಟೇ ಪೇಪರ್ ಕಳಿಸಬೇಕು. ನಿಮ್ಮ ಹೆಸರೂ ಹಾಕೋಕಾಗಲ್ಲ, ಸಾರಿ.”

ಯಂಕೇಶ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

“ಅಲ್ಲ, ಯಾರ್ರೀ ಆ ಪುಣ್ಯಾತ್ಮ? ನಾಯಿಗೂ ತೋಳಕ್ಕೂ ವ್ಯತ್ಯಾಸ ಗೊತ್ತಿಲ್ಲದವನು? ನಿಮಗೇನಾದರೂ ಪರಿಚಯ ಇದ್ದರೆ ಸ್ವಲ್ಪ ಬುದ್ಧಿ ಹೇಳಿ ನೋಡಿ.”

“ಪರಿಚಯ ಇದೆ ಮೇಡಂ” ಎಂದ ಯಂಕೇಶ. “ಆದರೆ ಹೇಳಿದ್ದು ಕೇಳೋ ಮನುಷ್ಯ ಅಲ್ಲ.”